ಕಡಲಿಲ್ಲದ ಊರಿನಲ್ಲಿ ಶಾರ್ಕ್ ಪುಸ್ತಕ: ವರ್ಷಗಟ್ಟಲೆ ಬಳಸಿದ ಮೇಲೆ ಬರೆದ ವಿಮರ್ಶೆ

ಮುಖಪುಟದಲ್ಲಿ ಬಾಯಿ ತೆರೆದ ದೊಡ್ಡ ಬಿಳಿ ಶಾರ್ಕ್ ಇರುವ ಪುಸ್ತಕಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಚಿತ್ರದುರ್ಗದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ಈ ಇಂಗ್ಲಿಷ್ ಸಚಿತ್ರ ಕೋಶವನ್ನು ದಾವಣಗೆರೆಯ ಪುಸ್ತಕ ಮಾರಾಟವೊಂದರಲ್ಲಿ ಅರ್ಧ ಬೆಲೆಗೆ ಕೊಂಡದ್ದು ಒಳಗಿನ ಚಿತ್ರಗಳ ಆಸೆಗೆ. ಖಾಕಿ ಕಾಗದದ ಹೊದಿಕೆ ಹಾಕಿ ಪ್ರಯೋಗಾಲಯದ ಕಪಾಟಿನಲ್ಲಿಟ್ಟೆ. ಅಂದಿನಿಂದ ವಿದ್ಯಾರ್ಥಿಗಳ ಎಷ್ಟೋ ತಂಡಗಳ ಕೈ ದಾಟಿ, ಬೆನ್ನು ಹರಿದು, ಹೊಸ ಹೊಲಿಗೆ ಹಾಕಿಸಿಕೊಂಡು ಅದು ಇನ್ನೂ ಅಲ್ಲೇ ಇದೆ. ಇಂಥದ್ದನ್ನು ಕೊಳ್ಳಬಹುದೇ ಎಂದು ಬೇರೆ ಕಾಲೇಜಿನವರು ಕೇಳುತ್ತಿರುತ್ತಾರೆ. ನನ್ನ ಅಭಿಪ್ರಾಯದ ಜೊತೆಗೆ ಅದನ್ನು ಬಳಸಿದ ಉಳಿದವರ ಮಾತನ್ನೂ ಸೇರಿಸುತ್ತಿದ್ದೇನೆ.

ನಮ್ಮ ಪ್ರಯೋಗಾಲಯದ ಗಾಜಿನ ಜಾಡಿಯಲ್ಲಿ ಸ್ಕೋಲಿಯೋಡಾನ್ ಎಂಬ ಒಂದು ಚಿಕ್ಕ ಶಾರ್ಕ್ ಇದೆ. ನಾನು ಕೆಲಸಕ್ಕೆ ಸೇರುವ ಮೊದಲೇ ಅಲ್ಲಿತ್ತು. ಫಾರ್ಮಾಲಿನ್‌ನಲ್ಲಿ ನೆನೆನೆನೆದು ಬಣ್ಣ ಬಿಟ್ಟಿದೆ, ಮೂತಿ ಜಾಡಿಯ ತಳಕ್ಕೆ ಒತ್ತಿ ಸೊಟ್ಟಗಾಗಿದೆ, ಕಿವಿರಿನ ಸೀಳುಗಳನ್ನು ಎಣಿಸಬೇಕಾದರೆ ಟಾರ್ಚ್ ಹಿಡಿಯಬೇಕು. ಹೊಟ್ಟೆಯ ಕಡೆಗಿರುವ ಬಾಯಿ, ಮುಚ್ಚಳವಿಲ್ಲದ ಕಿವಿರು, ಗಂಡಿನ ಕ್ಲಾಸ್ಪರ್ (ಕೂಡುವಾಗ ಬಳಸುವ ಅಂಗ) ಎಂದು ಮಕ್ಕಳು ಪಠ್ಯದ ಸಾಲುಗಳನ್ನು ಒಪ್ಪಿಸುತ್ತಾರೆ. ಕಣ್ಣಿಗೆ ಕಟ್ಟಿದ್ದು ಮಾತ್ರ ಕಡಿಮೆ. ಈ ಪುಸ್ತಕ ನೆರವಾದದ್ದು ಅಲ್ಲಿ. ಎಲ್ಲ ಮೀನುಗಳನ್ನೂ ಒಂದೇ ಮಗ್ಗುಲಿನಿಂದ, ಒಂದೇ ಭಂಗಿಯಲ್ಲಿ ಬಣ್ಣದಲ್ಲಿ ಬರೆದಿದ್ದಾರೆ. ಹಾಗಾಗಿ ಬಾಲಕ್ಕೆ ಬಾಲವನ್ನು, ರೆಕ್ಕೆಗೆ ರೆಕ್ಕೆಯನ್ನು ಹೋಲಿಸಬಹುದು. ಛಾಯಾಚಿತ್ರಗಳೂ ಇವೆ, ಚೆನ್ನಾಗಿಯೂ ಇವೆ. ಆದರೆ ನೀಲಿ ನೀರಿನಲ್ಲಿ ಅರ್ಧ ಕರಗಿದ ಮೀನನ್ನು ನೋಡಿ ಯಾವ ವಿದ್ಯಾರ್ಥಿಯೂ ಎರಡನೆಯ ಬೆನ್ನುರೆಕ್ಕೆ ಎಲ್ಲಿದೆ ಎಂದು ಹೇಳಲಾರ. ಶಾರ್ಕ್ ಚರ್ಮದ ಮೇಲಿನ ಪ್ಲಕಾಯ್ಡ್ ಹುರುಪೆಯ ಚಿತ್ರಕ್ಕೆ ಒಂದು ಪೂರ್ತಿ ಪುಟ ಕೊಟ್ಟಿದ್ದಾರೆ: ಮೇಲೆ ಗಟ್ಟಿ ಹೊದಿಕೆ, ಅದರ ಕೆಳಗೆ ಡೆಂಟಿನ್, ನಡುವೆ ತಿರುಳಿನ ಕುಳಿ, ನಮ್ಮ ಹಲ್ಲಿನ ರಚನೆಯೇ. ಆ ಪುಟ ತೋರಿಸಿದ ಮೇಲೆ ಜಾಡಿಯ ಮೀನನ್ನು ತೊಳೆದು, ಕೈಗವಸು ಹಾಕಿಸಿ, ಬಾಲದಿಂದ ತಲೆಯತ್ತ ಸವರಿಸಿದೆ. ಮರಳು ಕಾಗದದಂತೆ ಬೆರಳನ್ನು ಹಿಡಿದು ನಿಲ್ಲಿಸುತ್ತದೆ. ತಲೆಯಿಂದ ಬಾಲದತ್ತ ಸವರಿದರೆ ನುಣುಪು.

ಈ ಪುಸ್ತಕದಿಂದ ತರಗತಿಯಲ್ಲಿ ಒಂದು ಜಗಳವೂ ಹುಟ್ಟಿತು. ಗಾಳಿಚೀಲವಿಲ್ಲದ ಕಾರಣ ಮೃದ್ವಸ್ಥಿ ಮೀನುಗಳು, ಅಂದರೆ ಶಾರ್ಕ್‌ಗಳಂಥ ಮೆದು ಎಲುಬಿನ ಮೀನುಗಳು, ಮುಳುಗದಿರಲು ಸದಾ ಈಜುತ್ತಿರಬೇಕು ಎಂದು ಪಠ್ಯಪುಸ್ತಕ ಹೇಳುತ್ತದೆ. ನೀಟ್ ಪರೀಕ್ಷೆಗೆ ಓದುವವರು ಆ ಸಾಲನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡುತ್ತಾರೆ. ಹಾಗೆ ಮಾಡಿದ್ದ ಒಬ್ಬ ಹುಡುಗಿ, ನರ್ಸ್ ಶಾರ್ಕ್‌ಗಳು ಹಗಲಿಡೀ ಕಡಲತಳದಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿರುವ ಚಿತ್ರ ಹಿಡಿದು, "ಮೇಡಂ, ಇವು ಸತ್ತಿವೆಯಾ?" ಎಂದು ಕೇಳಿದಳು. ಉತ್ತರ ಹೇಳಲು ಒಂದು ಪೀರಿಯಡ್ ಸಾಲಲಿಲ್ಲ. ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಮುಳುಗುವುದು ಒಂದು, ಉಸಿರಾಡುವುದು ಇನ್ನೊಂದು. ಗಾಳಿಚೀಲ ಇಲ್ಲದ್ದು ನಿಜ, ಈಜು ನಿಲ್ಲಿಸಿದರೆ ಹೆಚ್ಚಿನವು ಕೆಳಗಿಳಿಯುವುದೂ ನಿಜ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ದೇಹದ ಭಾರವನ್ನು ಸ್ವಲ್ಪ ಹಗುರ ಮಾಡುತ್ತದೆ, ಅಷ್ಟೇ. ಆದರೆ ತಳದಲ್ಲೇ ಮಲಗುವ ಮೀನಿಗೆ ಮುಳುಗುವ ಭಯ ಎಲ್ಲಿಯದು? ನರ್ಸ್ ಶಾರ್ಕ್ ಬಾಯಿಯ ಸ್ನಾಯುಗಳಿಂದ ನೀರನ್ನು ಎಳೆದು ಕಿವಿರಿನ ಮೇಲೆ ಹಾಯಿಸಿಕೊಳ್ಳುತ್ತದೆ. ದೊಡ್ಡ ಬಿಳಿ ಶಾರ್ಕ್, ಮಾಕೊಗಳಂಥವು ಬಾಯಿ ತೆರೆದು ಮುಂದಕ್ಕೆ ಈಜಿದರೆ ಮಾತ್ರ ಕಿವಿರಿಗೆ ಬೇಕಾದಷ್ಟು ನೀರು ಹರಿಯುತ್ತದೆ. ಸ್ಯಾಂಡ್ ಟೈಗರ್ ಶಾರ್ಕ್ ನೀರಿನ ಮೇಲಕ್ಕೆ ಬಂದು ಗಾಳಿ ನುಂಗಿ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀರಿನ ನಡುವೆ ತೇಲುತ್ತ ನಿಲ್ಲಬಲ್ಲದು. ಮೂರನ್ನೂ ಅಕ್ಕಪಕ್ಕದಲ್ಲಿ ಬಾಣದ ಗುರುತು ಹಾಕಿ ತೋರಿಸಿದ ಎರಡು ಪುಟಗಳಿಗಾಗಿಯೇ ಕೊಟ್ಟ ಹಣ ಸಂದಿತು ಎನ್ನುತ್ತೇನೆ. ಪರೀಕ್ಷೆಯಲ್ಲಿ ಮಾತ್ರ ಪಠ್ಯದಲ್ಲಿದ್ದಂತೆಯೇ ಬರೆಯಿರಿ ಎಂದೂ ಹೇಳಿದೆ. ಅಂಕ ಕೊಡುವವರು ಈ ಪುಸ್ತಕ ನೋಡಿರುವುದಿಲ್ಲ.

ಅದೇ ಸ್ಯಾಂಡ್ ಟೈಗರ್‌ನ ಇನ್ನೊಂದು ಪುಟದ ಮೂಲೆ ಬೆರಳುಗುರುತಿನಿಂದ ಕಪ್ಪಾಗಿದೆ. ತಾಯಿಯ ಗರ್ಭದೊಳಗೇ ದೊಡ್ಡ ಮರಿ ತನ್ನ ಒಡಹುಟ್ಟಿದವುಗಳನ್ನು ತಿಂದು, ಒಂದೊಂದು ಗರ್ಭಾಶಯದಿಂದ ಒಂದೊಂದೇ ಮರಿ ಹೊರಬರುವ ಚಿತ್ರ ಅಲ್ಲಿದೆ. ಹುಡುಗರು ಮುಖಪುಟಕ್ಕೆ ಮರುಳಾಗಿ ಪುಸ್ತಕ ಎತ್ತಿಕೊಳ್ಳುತ್ತಾರೆ, ನಿಂತು ಓದುವುದು ಇದನ್ನು.

ಕುಂದಾಪುರ ಕಡೆಯಿಂದ ಬಂದ ನಮ್ಮ ರಸಾಯನಶಾಸ್ತ್ರದ ಮೇಡಂ ಅವರಿಗೆ ಪುಸ್ತಕ ಅಷ್ಟಾಗಿ ಹಿಡಿಸಲಿಲ್ಲ. ಅವರು ಹೇಳಿದ್ದು ಸರಿಯೇ. ಪ್ರತಿ ಜಾತಿಗೂ ಅದು ಎಲ್ಲೆಲ್ಲಿ ಸಿಗುತ್ತದೆಂದು ತೋರಿಸುವ ಒಂದು ನಕ್ಷೆ ಇದೆ. ದೊಡ್ಡ ನಕ್ಷೆಗಳಲ್ಲಿ ನಮ್ಮ ಪಶ್ಚಿಮ ಕರಾವಳಿ ಸರಿಯಾಗಿ ಎರಡು ಪುಟಗಳ ಹೊಲಿಗೆಯ ಸಂದಿಯೊಳಗೆ ಹೂತುಹೋಗಿದೆ. ಪುಟವನ್ನು ಒತ್ತಿ ಬಿಡಿಸಿದರೆ ಅರಬ್ಬೀ ಸಮುದ್ರದ ಒಂದು ಎಳೆ ಕಾಣುತ್ತದೆ. ಅವರ ಮನೆಯಲ್ಲಿ ತಾಟೆ ಮೀನು, ಅಂದರೆ ಶಾರ್ಕ್, ಬಾಣಂತಿಯ ಊಟ, ಎದೆಹಾಲು ಹೆಚ್ಚುತ್ತದೆ ಎಂಬ ನಂಬಿಕೆ. ಭಾರತದ ತೀರದಲ್ಲಿ ಜನ ಶಾರ್ಕ್ ತಿನ್ನುತ್ತಾರೆ, ಹಿಡಿದು ಮಾರಿ ಬದುಕುತ್ತಾರೆ ಎಂಬುದರ ಸುಳಿವೇ ಪುಸ್ತಕದಲ್ಲಿಲ್ಲ. ಗಂಗಾ ಶಾರ್ಕ್‌ಗೆ ಬೆರಳುದ್ದದ ಒಂದು ಚಿತ್ರ ಸಿಕ್ಕಿದೆ. ಗುಜರಾತಿನ ವೇರಾವಳ ಕಡಲಿನಲ್ಲಿ ಯಕೃತ್ತಿನ ಎಣ್ಣೆಗಾಗಿ ತಿಮಿಂಗಿಲ ಶಾರ್ಕ್‌ಗಳನ್ನು ಕೊಲ್ಲುತ್ತಿದ್ದದ್ದು, 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟದ್ದು, ಇದಾವುದೂ ಇಲ್ಲ. ಆಸ್ಟ್ರೇಲಿಯಾ, ಫ್ಲಾರಿಡಾಗಳಿಗೆ ಧಾರಾಳವಾಗಿ ಜಾಗ ಸಿಕ್ಕಿದೆ.

ದಾಳಿಗಳ ಅಧ್ಯಾಯವನ್ನು ಕಿತ್ತು ಹಾಕಿದ್ದರೂ ನಷ್ಟವಿರಲಿಲ್ಲ. ಇಡೀ ಪ್ರಪಂಚದಲ್ಲಿ ಕೆಣಕದೆ ಎರಗಿದ ಶಾರ್ಕ್‌ನಿಂದ ಸಾಯುವವರ ಸಂಖ್ಯೆ ಸಾಮಾನ್ಯವಾಗಿ ವರ್ಷಕ್ಕೆ ಹತ್ತರ ಒಳಗೆ. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು. ಶೇಂಗಾ ಹೊಲದಲ್ಲಿ ಬರಿಗಾಲಲ್ಲಿ ನಡೆಯುವ ಮನೆಗಳಿಂದ ಬಂದ ನಮ್ಮ ಮಕ್ಕಳಿಗೆ ಕಡಲತೀರದ ಎಚ್ಚರಿಕೆ ಫಲಕಗಳ ಫೋಟೋ ತೋರಿಸಿ ಹೆದರಿಸುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಹಳೆಯ ಮುದ್ರಣ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಗ್ರೀನ್‌ಲ್ಯಾಂಡ್ ಶಾರ್ಕ್‌ನ ಆಯಸ್ಸಿನ ಬಗ್ಗೆ ನನ್ನ ಪ್ರತಿಯಲ್ಲಿರುವುದು ಒಂದು ಮೊಂಡು ಸಾಲು. 2016ರಲ್ಲಿ ಕಣ್ಣಿನ ಮಸೂರದ ರೇಡಿಯೋಕಾರ್ಬನ್ ಅಳೆದು, ಐದು ಮೀಟರ್ ಉದ್ದದ ಹೆಣ್ಣೊಂದಕ್ಕೆ ಸುಮಾರು 392 ವರ್ಷ, ಕಡಿಮೆಯೆಂದರೂ 272 ಎಂದು ಲೆಕ್ಕ ಹಾಕಿದರು. ಅದನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಒಬ್ಬ ವಿದ್ಯಾರ್ಥಿ ಅದರ ಕೆಳಗೆ ಪೆನ್ಸಿಲಿನಲ್ಲಿ, "ಮದಕರಿ ನಾಯಕರಿಗಿಂತ ಹಿರಿಯದು" ಎಂದು ಸೇರಿಸಿದ್ದಾನೆ. ಅಳಿಸಿಲ್ಲ.

ಕಾಲರೇಖೆಯ ಪುಟಕ್ಕೂ ಇಂಥದ್ದೇ ಸೇರ್ಪಡೆ ಆಗಿದೆ. ಶಾರ್ಕ್‌ಗಳ ಕಥೆ 40 ಕೋಟಿ ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ. ಪುಟದಲ್ಲಿ ಅದು ಸುಮಾರು ಒಂದು ಗೇಣು. ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟ ಹಾಗಿರುವ ಲಾವಾ ಬಂಡೆಗಳು ನೀರಿನಡಿಯಲ್ಲಿ ಉಕ್ಕಿ ಹೆಪ್ಪುಗಟ್ಟಿದವು, ವಯಸ್ಸು ಸುಮಾರು 250 ಕೋಟಿ ವರ್ಷ. ಅದನ್ನು ನೋಡಿಬಂದ ಹುಡುಗರು ಅಳತೆ ತಪ್ಪದಂತೆ ಕಾಗದದ ಪಟ್ಟಿ ಅಂಟಿಸುತ್ತ ಹೋದರು. ಆರು ಗೇಣು ದಾಟಿ ಪಟ್ಟಿ ಮೇಜಿನಿಂದ ಕೆಳಗಿಳಿಯಿತು. ನಮ್ಮೂರಿನಲ್ಲಿ ನೀರಿದ್ದ ಕಾಲಕ್ಕೆ ಮೀನೇ ಇರಲಿಲ್ಲ ಎಂಬುದು ಅವರಿಗೆ ಅಲ್ಲಿ ತಿಳಿಯಿತು.

ಕಾಗದ ದಪ್ಪ, ಹೊಳಪು ವಿಪರೀತ. ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದೇ ನೋಡಬೇಕು. ಬೆನ್ನಿನ ಅಂಟು ಬೇಗ ಬಿಟ್ಟುಕೊಂಡಿತು. ಬೈಂಡಿಂಗ್ ಮಾಡಿದವರು ದಾರದಲ್ಲಿ ಹೊಲಿದು ಕ್ಯಾಲಿಕೋ ಪಟ್ಟಿ ಹಾಕಿಕೊಟ್ಟ ಮೇಲೆ ಗಟ್ಟಿಯಾಯಿತು, ಆದರೆ ನಕ್ಷೆಗಳು ಇನ್ನಷ್ಟು ಒಳಕ್ಕೆ ಹೋದವು. ಹಿಂದಿನ ಪದಸೂಚಿಯಲ್ಲಿ ವೈಜ್ಞಾನಿಕ ಹೆಸರುಗಳೂ ಇರುವುದರಿಂದ ಪಠ್ಯದ ಹೆಸರು ಹಿಡಿದು ಹುಡುಕುವುದು ಸುಲಭ. ಪೂರ್ತಿ ಬೆಲೆ ಕೊಟ್ಟು ಮನೆಗೆ ಕೊಳ್ಳಿರಿ ಎನ್ನಲಾರೆ. ಕಾಲೇಜಿಗಾದರೆ, 2016ರ ನಂತರದ ಮುದ್ರಣ ಸಿಕ್ಕಿದರೆ, ಅಂಗಡಿಯಲ್ಲೇ ನಕ್ಷೆಯ ಪುಟ ಬಿಡಿಸಿ ಭಾರತ ಕಾಣುತ್ತದೆಯೇ ನೋಡಿ ತೆಗೆದುಕೊಳ್ಳಿ.