17 ಇಂಚಿನ ರಿಮ್ ಮ್ಯಾಲ 52 ಸಾವಿರ ಕಿ.ಮೀ.: ಡೋಣಿ ದಂಡಿ ಎರಿ ಮಣ್ಣು, ತಿಕೋಟಾ ಗರಸು, ನನ್ನ ವಿ-ಕ್ರಾಸ್

ಗಾಡಿ ಇಸುಝು ವಿ-ಕ್ರಾಸ್ ಪಿಕಪ್, 2019ರ ಝೆಡ್ ವೇರಿಯಂಟ್, ಫೋರ್ ವ್ಹೀಲ್ ಡ್ರೈವ್. ಮೀಟರ್ ಇವತ್ತಿಗೆ 1,09,000 ತೋರಸಾಕತ್ತೇತಿ. ಇಂಜಿನ್ನು, ಆ್ಯವರೇಜು ಇದರ ಬಗ್ಗೆ ಬರದೋರು ಭಾಳ ಮಂದಿ ಅದಾರ, ನಾ ಬರೇ ಗಾಲಿ ಬಗ್ಗೆ ಬರೀತೀನಿ, ಯಾಕಂದ್ರ ಈ ಗಾಡಿಯೊಳಗ ನಾ ರೊಕ್ಕ ಹಾಳ ಮಾಡ್ಕೊಂಡಿದ್ದು ಅಂದ್ರ ಗಾಲಿಯಾಗ ಮಾತ್ರ, ಇನ್ನೊಬ್ರದು ಹಂಗ ಆಗಬಾರದು.

ನಮ್ಮ ಹೊಲ ವಿಜಯಪುರ ಜಿಲ್ಲಾದಾಗ, ಸಾರವಾಡ ಕಡೆ ಡೋಣಿ ಹೊಳಿ ದಂಡಿಗೆ. ಡೋಣಿ ಹರಿದ್ರ ಓಣೆಲ್ಲಾ ಜ್ವಾಳ ಅಂತಾರಲ್ಲ, ಅದೇ ಎರಿ ಭೂಮಿ, ಕರಿ ಮಣ್ಣು. ಮಳಿ ಬಿತ್ತಂದ್ರ ಕಾಲಾಗಿನ ಚಪ್ಪಲ್ ಕಿತ್ಕೊಳ್ಳೋ ಮಣ್ಣು. ವಾರದಾಗ ಒಂದೆರಡ ಸಲ ತಿಕೋಟಾ ಕಡೆ ಮಾವನ ದ್ರಾಕ್ಷಿ ತ್ವಾಟಕ್ಕ ಹೋಗಬೇಕಾಕೈತಿ, ಅಲ್ಲಿ ಪೂರಾ ಬ್ಯಾರೆ, ಗರಸು, ಚೂಪನ್ನ ಕಲ್ಲು. ಉಳಿದದ್ದು ಸೋಲಾಪುರ ಹೈವೇ. ಅಂದ್ರ ಮೂರು ನಮೂನಿ ದಾರಿ, ಗಾಲಿ ಮಾತ್ರ ಒಂದ ಸೆಟ್ಟು.

ಗಾಡಿ ಕೂಡ ಬಂದಿದ್ದು 18 ಇಂಚಿನ ಅಲಾಯ್, 255/60 ಆರ್18 ಟಾಯರ್, ಅಂದ್ರ ಅಗಲ 255 ಎಂ.ಎಂ., ಗೋಡೆ ಎತ್ತರ ಅಗಲದಾಗ ನೂರಕ್ಕ 60, ರಿಮ್ 18 ಇಂಚು. ರೋಡಿಗೆ ಏನೂ ತಕರಾರ ಇಲ್ಲ, ಭಾಳ ಚಂದ ಓಡ್ತಿತ್ತು. 38 ಸಾವಿರ ಕಿ.ಮೀ. ಮ್ಯಾಲ ಮಾವನ ತ್ವಾಟದ ದಾರ್ಯಾಗ ನಾನೇ ಗಾಳಿ ಕಡಿಮಿ ಇಟ್ಕೊಂಡು ಜೋರ ಹೊಡದು ಒಂದು ರಿಮ್ ಅಂಚು ಮಣಿಸಿದೆ. ಆವಾಗ 17ಕ್ಕ ಇಳಿಯೋದು ಅಂತ ಠರಾಯಿಸಿದೆ. ಲೆಕ್ಕಾ ಹಿಂಗೈತಿ ನೋಡ್ರಿ. 255/60 ಆರ್18ಕ್ಕ ಟಾಯರ್ ಗೋಡೆ ಎತ್ತರ 153 ಎಂ.ಎಂ., ಅದೇ 255/65 ಆರ್17ಕ್ಕ ಹತ್ರಹತ್ರ 166. ಹೊರಗಿನ ಅಳತಿ ಎರಡೂದ್ದೂ 763 ಎಂ.ಎಂ., ಅಂದ್ರ ಸ್ಪೀಡೋಮೀಟರ್ ಸುಳ್ಳ ಹೇಳೂದಿಲ್ಲ, ಗೇರಿಂಗ್ ಬದಲಾಗೂದಿಲ್ಲ, ರಬ್ಬರ್ ಮಾತ್ರ 13 ಎಂ.ಎಂ. ಹೆಚ್ಚು ಸಿಗತೈತಿ.  ಇಷ್ಟು ಸರಿ ವಿಚಾರ ಮಾಡಿದ್ದೆ, ಮುಂದ ಅಂಗಡ್ಯಾಗ ತಪ್ಪಿದೆ.

ಅಂಗಡಿಯಾಂವ ತೋರಿಸಿದ್ದು 9 ಇಂಚು ಅಗಲದ ರಿಮ್, ಆಫ್‌ಸೆಟ್ ಮೈನಸ್ 12. "ಮಾಲಕರ, ಲುಕ್ಕ ಬ್ಯಾರೆ ಬರತೈತಿ" ಅಂದ. ಆರು ನಟ್ಟು, ಪಿಸಿಡಿ (ನಟ್ಟಿನ ತೂತುಗಳ ಸುತ್ತಿನ ಅಡ್ಡಳತಿ) 139.7 ಎಂ.ಎಂ., ಅದು ಕೂಡತಿತ್ತು, ಕೂಡತೈತಿ ಅಂದ ಮ್ಯಾಲ ಮತ್ತೇನು ಅಂತ ಹಾಕಿಸಿಬಿಟ್ಟೆ. ಆಫ್‌ಸೆಟ್ ಅಂದ್ರ ರಿಮ್ಮಿನ ನಡುಗೆರಿಗೂ ಅದು ಹಬ್ಬಿಗೆ (ಅಚ್ಚಿನ ತುದ್ಯಾಗ ಗಾಲಿ ಕೂಡೋ ಭಾಗಕ್ಕ) ಬಂದು ಕೂಡೋ ಮೈಗೂ ಇರೋ ಅಂತರ, ಎಂ.ಎಂ. ಲೆಕ್ಕದಾಗ. ಪ್ಲಸ್ ಇದ್ರ ಗಾಲಿ ಗಾಡಿ ಒಳಗ ಸರೀತೈತಿ, ಮೈನಸ್ ಇದ್ರ ಹೊರಗ. ನಂದು ಎರಡೂ ಕಡೆ ಮಡ್‌ಗಾರ್ಡ್ ದಾಟಿ ಹೊರಗ ಬಂದಿತ್ತು. ಅಪ್ಪಾ ಅಂಗಳದಾಗ ಒಂದ ಸುತ್ತು ತಿರುಗಿ ನೋಡಿ, "ತಮ್ಮಾ, ಗಾಲಿ ಅಚ್ಚಿನ ಬುಡಕ್ಕ ಇರಬೇಕೋ, ತುದಿಗೆ ಹೋದಂಗ ಅಚ್ಚಿಗೆ ಭಾರ" ಅಂದ್ರು. ಜೀವಮಾನೆಲ್ಲಾ ಬಂಡಿ ಹೂಡಿದವರು, ಅವರಿಗೆ ಆಫ್‌ಸೆಟ್ ಅನ್ನೋ ಶಬ್ದ ಗೊತ್ತಿಲ್ಲ, ವಿಷಯ ಗೊತ್ತಿತ್ತು. ಆ ಮಾತು ಆವತ್ತೇ ಕೇಳಬೇಕಿತ್ತು ಅಂತ ಈಗೂ ಅನಸತೈತಿ.

14 ತಿಂಗಳು, 19 ಸಾವಿರ ಕಿ.ಮೀ. ಆ ಸೆಟ್ ಓಡಿಸಿದೆ. ಚಕ್ಕಡಿ ಜಾಡಿನ್ಯಾಗ ಸ್ಟೀರಿಂಗ್ ಕೈಯಾಗಿಂದ ಜಗ್ಗತಿತ್ತು, ಎರಿ ಮಣ್ಣು ಹಾರಿ ಬಾಗಿಲ ಹಿಡಿಕಿ ತನಾ ಬಡೀತಿತ್ತು, ಪೂರಾ ಸ್ಟೀರಿಂಗ್ ತಿರುವಿದ್ರ ಒಳಗಿನ ಪ್ಲಾಸ್ಟಿಕ್ಕಿಗೆ ಟಾಯರ್ ಉಜ್ಜತಿತ್ತು. ಕಡೀಕ ಎಡಗಡೆ ಮುಂದಿನ ಬೇರಿಂಗ್ ಗುಂಯ್ ಅನ್ನಾಕ ಹತ್ತಿತು. ಬಿಚ್ಚಿದಾಗ ಇನ್ನೊಂದು ಕಂಡಿತು: ರಿಮ್ಮಿನ ನಡುವಿನ ತೂತು ನಮ್ಮ ಹಬ್ಬಿನಕಿಂತ ದೊಡ್ಡದು, ಕ್ಯಾಲಿಪರ್ ಹಚ್ಚಿ ಅಳದ್ರ 6 ಎಂ.ಎಂ. ಫರಕು. ರಿಮ್ಮು ಹಬ್ಬಿನ ಮ್ಯಾಲ ಕುಂತಿರಲೇ ಇಲ್ಲ, ಬರೇ ನಟ್ಟಿನ ಮ್ಯಾಲ ಜೋತಿತ್ತು. ಆ ಸಂದು ತುಂಬಾಕ ಹಬ್ ರಿಂಗ್ ಅಂತ ಬರ್ತಾವ, ನನಗ ಯಾರೂ ಹೇಳಲಿಲ್ಲ. ಹಿಂಗಾಗಿ ಪಿಸಿಡಿ ಕೂಡಿದ್ರ ಸಾಕು ಅನಬ್ಯಾಡ್ರಿ. ಆಫ್‌ಸೆಟ್ಟು, ನಡುವಿನ ತೂತು, ರಿಮ್ಮಿನ ಬೆನ್ನಿಗೆ ಎರಕದಾಗ ಮೂಡಿಸಿರೋ ಲೋಡು (ಎಷ್ಟು ಭಾರ ಹೊರತೈತಿ ಅನ್ನೋ ಅಂಕಿ), ಇವನ್ನ ಕೇಳ್ರಿ. ರಿಮ್ಮು ತಿರುವಿ ಹಾಕಿ ಹಿಂದ ನೋಡದ ರೊಕ್ಕ ಕೊಡಬ್ಯಾಡ್ರಿ.

ಈಗಿನ ಸೆಟ್ 2022ರ ಮಾರ್ಚ್‌ದಾಗ ಹಾಕಿಸಿದ್ದು, 17 ಇಂಚು ಅಲಾಯ್, ಆಫ್‌ಸೆಟ್ ಕಂಪನಿ ಅಳತೀದು, ಮ್ಯಾಲ 255/65 ಆಲ್ ಟೆರೇನ್ ಟಾಯರ್. ನಾಕಲ್ಲ, ಐದು ತಗೊಂಡೆ, ಸ್ಟೆಪ್ನಿನೂ ಅದೇ. ಫೋರ್ ವ್ಹೀಲ್ ಹಾಕಿದಾಗ ಒಂದು ಗಾಲಿ ಅಳತಿ ಬ್ಯಾರೆ ಇದ್ರ ಒಳಗ ಗೇರು ಒಂದಕ್ಕೊಂದು ಜಗ್ಗಾಡ್ತಾವ, ಅದಕ್ಕ. 52 ಸಾವಿರದಾಗ ಒಂದ ರಿಮ್ಮೂ ಔಟ್ ಆಗಿಲ್ಲ.

ಮಾವ ಅಂತಾರ, ಕಬ್ಬಿಣದ ಡಿಸ್ಕೇ, ಅಂದ್ರ ಕಬ್ಬಿಣದ ರಿಮ್ಮೇ ಚಲೋ, ಮಣಿದ್ರ ಹಳ್ಳ್ಯಾಗ ಸುತಗಿ ಹೊಡದು ನೆಟ್ಟಗ ಮಾಡ್ತಾರ ಅಂತ. ಖರೇನ ಐತಿ, ಕಬ್ಬಿಣ ಮಣೀತೈತಿ, ಅಲಾಯ್ ನಂದರಂಗ ಮಣಿಯೋದೂ ಉಂಟು, ಜೋರ ಹೊಡತ ಬಿದ್ರ ಸೀಳತೈತಿ. ದಿನಾ ಕಲ್ಲಿನ ಖಣಿಗೆ ಹೋಗೋ ಗಾಡಿ ಆದ್ರ ನಾನೂ ಡಿಸ್ಕೇ ಹಾಕತಿದ್ದೆ. ನಂದು ಅರ್ಧಕ್ಕರ್ಧ ಹೈವೇ, ಅದಕ್ಕ ಅಲಾಯ್. ಆದ್ರ ಸೀಳಿದ ಅಲಾಯಿಗೆ ವೆಲ್ಡಿಂಗ್ ಮಾಡಿಸಿ ಮತ್ತ ಹಾಕ್ಕೋಬ್ಯಾಡ್ರಿ, ಮನಿ ಮಂದಿನ ಕುಂಡಿಸಿಕೊಂಡು ಓಡೋ ಗಾಡಿ ಅದು. ಅಲಾಯದಿಂದ ಡಿಸ್ಕಿಗೆ ಬದಲಿ ಮಾಡೋರು ನಟ್ಟಿನ ಬುಡದ ಆಕಾರ ಕೂಡತೈತಿಲ್ಲೋ ನೋಡ್ರಿ, ಎಲ್ಲಾ ನಟ್ಟು ಎಲ್ಲಾದಕ್ಕೂ ಕೂಡಂಗಿಲ್ಲ.

ಇನ್ನ ಮಣ್ಣಿನ ಮಾತು. ಮೊದಲ್ನೇ ಮಳಿಗಾಲದಾಗ ಸೋಲಾಪುರ ರೋಡಿಗೆ 80 ದಾಟಿದ ಕೂಡಲೇ ಸ್ಟೀರಿಂಗ್ ಥರಥರ ಅನ್ನಾಕ ಹತ್ತಿತು. ಬ್ಯಾಲೆನ್ಸಿಂಗ್ ಮಾಡಿಸಿದೆ, ಎರಡ ದಿನ ಸರಿ, ಮತ್ತ ಅದೇ. ಮತ್ತೊಮ್ಮೆ ಮಾಡಿಸಿದೆ. ಅಲೈನ್‌ಮೆಂಟಿಗೂ ರೊಕ್ಕ ಕೊಟ್ಟೆ. ಒಂದಿನ ಸುಮ್ನ ಗಾಲಿ ಬಿಚ್ಚಿ ನೋಡಿದ್ರ ರಿಮ್ಮಿನ ಒಳಮೈಗೆ ಎರಿ ಮಣ್ಣು ಕುಂತು, ಒಣಗಿ ಇಟ್ಟಂಗಿ ಆಗಿತ್ತು, ಒಂದ ಕಡೆ ಅಷ್ಟ. ಕಿತ್ತು ತೂಗಿದ್ರ 400 ಗ್ರಾಂ. ಬ್ಯಾಲೆನ್ಸಿಂಗದಾಗ 20 ಗ್ರಾಂ, 30 ಗ್ರಾಂ ವೇಟ್ ಹಚ್ಚತಾರ, ಇಲ್ಲಿ 400 ಗ್ರಾಂ ಮಣ್ಣು ಕುಂತೈತಿ! ಅದೂ ಅಲ್ದ ಅಂಗಡ್ಯಾಗ ಮಣ್ಣಿನ ಸಮೇತ ಮಷೀನಿಗೆ ಹಾಕಿ ವೇಟ್ ಹಚ್ಚಿದ್ರು, ಮಣ್ಣು ಉದುರಿದ ಕೂಡಲೇ ಆ ವೇಟೇ ತಪ್ಪು. ಅವತ್ತಿಂದ ಹೊಲದಿಂದ ಬಂದ ದಿನಾನ, ಹಸಿ ಇದ್ದಾಗನ ಪೈಪ್ ಹಿಡದು ಒಳಮೈ ತೊಳೀತೀನಿ, ಒಣಗಿದ ಮ್ಯಾಲ ಕಟಗಿ ತುಂಡಿನಿಂದ ಕೆರೀಬೇಕಾಕೈತಿ. ಕಬ್ಬಿಣದ ಸಳಿ ಹಾಕಬ್ಯಾಡ್ರಿ, ಪೇಂಟ್ ಹೋಗತೈತಿ, ಒಳಗ ಅಂಟಿಸಿದ ವೇಟೂ ಉದರತಾವ. ಹಸಿ ಎರ್ಯಾಗ ಗಾಳಿ ಇಳಿಸಿದ್ರ ಗಾಡಿ ದಾಟತೈತಿ ಅನ್ನೋದೂ ಪೂರಾ ಖರೆ ಅಲ್ಲ, ಮಣ್ಣು ಟಾಯರ್ ಸಂದ್ಯಾಗ ತುಂಬಿ ಗಾಲಿ ಸಪಾಟ ಆಕೈತಿ. ಎರಡ ದಿನ ಕಾಯ್ರಿ, ಹೊಲ ಎಲ್ಲೂ ಓಡಿ ಹೋಗಂಗಿಲ್ಲ. ಗರಸಿನ್ಯಾಗ ಮಾತ್ರ ನಾ 32ರಿಂದ 24 ಪಿಎಸ್‌ಐಗೆ ಇಳಸ್ತೀನಿ, ಸಾವಕಾಶ ಹೋಗ್ತೀನಿ, ಡಾಂಬರ್ ಹತ್ತೂಕಿಂತ ಮೊದಲ ಸಣ್ಣ ಕಂಪ್ರೆಸರ್‌ದಿಂದ ಮತ್ತ ತುಂಬತೀನಿ.

ನಟ್ಟಿಂದೂ ಒಂದ ಹೇಳ್ತೀನಿ. ಒಂದು ಟಾಯರ್ ಅಂಗಡ್ಯಾಗ ನಟ್ ಬಿಗಿಯೋ ಗನ್ನಿನಿಂದ ಗರ್ರ್ ಅನ್ನಿಸಿ ಬಿಗದು ಕಳಿಸಿದ್ರು. ಎರಡ ತಿಂಗಳ ಮ್ಯಾಲ ತಿಕೋಟಾ ದಾಟಿ ಪಂಚರ್ ಆತು, ರಾತ್ರಿ, ಕೂಡ ಅಪ್ಪಾ ಇದ್ರು. ಪಾನಾ ಮ್ಯಾಲ ನಿಂತ್ರೂ ನಟ್ ಬರವಲ್ದು, ಕಡೀಕ ನಟ್ ಕೂಡೋ ಬೋಲ್ಟು, ಸ್ಟಡ್ಡೇ ಮುರೀತು. ಸ್ಟೆಪ್ನಿ ಇಳಸಬೇಕಂದ್ರ ಟ್ರಾಲಿ ಕೆಳಗಿನ ಚೈನು ಮಣ್ಣು ತಿಂದು ಜಾಮ್ ಆಗಿತ್ತು. ಆ ರಾತ್ರಿ ಅಪ್ಪಾ ಏನೂ ಅನ್ನದ ಬ್ಯಾಟರಿ ಹಿಡಕೊಂಡು ನಿಂತಿದ್ದು ಇನ್ನೂ ಕಣ್ಣ ಮುಂದೈತಿ. ಮರುದಿನಾನ ಟಾರ್ಕ್ ರೆಂಚ್, ಅಂದ್ರ ಎಷ್ಟು ಜೋರಿಗೆ ಬಿಗೀತೈತಿ ಅಂತ ಅಳಿಯೋ ಪಾನಾ ತಂದೆ. ಈಗ ಅಂಗಡ್ಯಾಗ ನಟ್ ಕೈಲೇ ತಿರುವಿ ಕೂಡಸ್ರಿ ಅಂತೀನಿ, ಆಮ್ಯಾಲ ನಾನೇ ಮ್ಯಾನ್ಯುಅಲ್‌ದಾಗ ಕೊಟ್ಟಷ್ಟ ಟಾರ್ಕಿಗೆ, ಎದುರಾ ಬದುರಾ ನಟ್ ಹಿಡದು ಬಿಗೀತೀನಿ, 100 ಕಿ.ಮೀ. ಆದ ಮ್ಯಾಲ ಮತ್ತೊಮ್ಮೆ ನೋಡ್ತೀನಿ. ಹಬ್ ಮೈಯಾಗಿನ ಜಂಗು ವೈರ್ ಬ್ರಶ್‌ಲೇ ತಿಕ್ಕತೀನಿ, ಸ್ಟಡ್ಡಿಗೆ ಗ್ರೀಸ್ ಹಚ್ಚಂಗಿಲ್ಲ, ಹಚ್ಚಿದ್ರ ಅದೇ ಟಾರ್ಕಿಗೆ ಹೆಚ್ಚು ಬಿಗೀತೈತಿ. ಸ್ಟೆಪ್ನಿ ಚೈನು ತಿಂಗಳಿಗೊಮ್ಮೆ ಇಳಿಸಿ ಏರಸ್ತೀನಿ.

8 ಸಾವಿರಕ್ಕೊಮ್ಮೆ ಐದೂ ಗಾಲಿ ಅದಲ ಬದಲ. ಈಗ ಟಾಯರ್ ಗೀರು 4 ಎಂ.ಎಂ. ಉಳದೈತಿ, ಐದಕ್ಕೂ ಸಮ. ಹಿಂಗಾರಿ ಕಡ್ಲಿ ರಾಶಿ ಮುಗದ ಮ್ಯಾಲ ಹೊಸಾವು ಹಾಕಸ್ತೀನಿ, ಗೋಡಿ ಮ್ಯಾಲಿನ ನಾಕ ಅಂಕಿ ನೋಡಿ ತಗೋತೀನಿ, 2325 ಅಂತಿದ್ರ 2025ರ 23ನೇ ವಾರದ ಮಾಲು. ಟಾಯರ್ ಬದಲಿ, ರಿಮ್ಮು ಇವೇ.