ಸಂತ ಆಗ್ನೆಸ್ ಕಾಲೇಜು, ಬೆಂದೂರು: ಕ್ಯಾಂಟೀನ್ ಬಿಟ್ಟು ಉಳಿದದ್ದರ ರಿವ್ಯೂ

ಮಗಳ ಅಡ್ಮಿಷನ್ ಗಡಿಬಿಡಿಯಲ್ಲಿ ಮೂರು ವಾರದಿಂದ ಕಾಲೇಜುಗಳ ರಿವ್ಯೂ ಓದಿ ಓದಿ ಕಣ್ಣು ಉರಿಯುತ್ತಿದೆ. ಸಿಸ್ಟರ್‌ಗಳು ನಡೆಸುವ ಹುಡುಗಿಯರ ಕಾಲೇಜು ಅಂದರೆ ಸಾಕು, ಊರು ಯಾವುದೇ ಇರಲಿ, ಒಂದೇ ಸಾಲು: "ಪಾಠ ಚೆನ್ನಾಗಿದೆ, ಆದರೆ ತುಂಬಾ ಸ್ಟ್ರಿಕ್ಟ್." ಅದರ ಕೆಳಗೆ ಇನ್ನೊಬ್ಬರು, "ಸ್ಟ್ರಿಕ್ಟ್ ಇರೋದಕ್ಕೇ ಮಗಳನ್ನ ಸೇರಿಸಿದ್ದು." ಒಬ್ಬರು 2 ಸ್ಟಾರ್, ಇನ್ನೊಬ್ಬರು 5 ಸ್ಟಾರ್, ಕಾರಣ ಮಾತ್ರ ಒಂದೇ. ಇದನ್ನು ನೋಡಿ ನನಗೆ ನಗು ಬಂತು. ಯಾಕೆಂದರೆ ಈ ಜಗಳ ನೂರು ವರ್ಷಕ್ಕಿಂತ ಹಳೆಯದು, ಮತ್ತು ಮಂಗಳೂರಿನ ಮಟ್ಟಿಗೆ ಅದರ ವಿಳಾಸ ಬೆಂದೂರು.

ಹಾಗಾಗಿ ನಾನು ಕ್ಯಾಂಟೀನ್, ಪಾರ್ಕಿಂಗ್, ವೈಫೈ ಬಗ್ಗೆ ಬರೆಯುವುದಿಲ್ಲ. ಆ ಕಾಲೇಜಿನ ಚರಿತ್ರೆಗೇ ರಿವ್ಯೂ ಬರೆಯುತ್ತೇನೆ. ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ ಮಾರಾಯ್ರೆ.

ಮೊದಲು ಒಂದು ಗೊಂದಲ ಬಗೆಹರಿಸುತ್ತೇನೆ, ಮೊನ್ನೆ ನಮ್ಮ ಮನೆಯಲ್ಲೇ ಇದಾಯಿತು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಮತ್ತು ಮಂಗಳೂರಿನ ಆಗ್ನೆಸ್ ಎರಡೂ ಕಾರ್ಮೆಲ್ ಅನ್ನುವ ಕ್ಯಾಥೊಲಿಕ್ ಪಂಥದ ಸಿಸ್ಟರ್‌ಗಳದ್ದು, ಆದ್ದರಿಂದ ಎರಡೂ ಒಂದೇ ಮ್ಯಾನೇಜ್‌ಮೆಂಟ್ ಅಂತ ನಮ್ಮವರು ವಾದ ಮಾಡಿದರು. ಅಲ್ಲ. ಮೌಂಟ್ ಕಾರ್ಮೆಲ್ ಬೆಂಗಳೂರಲ್ಲಿ ಶುರುವಾದದ್ದು 1948ರಲ್ಲಿ, ಅದನ್ನು ನಡೆಸುವ ಸಿಸ್ಟರ್‌ಗಳ ಸಭೆ, ಅಂದರೆ ಧಾರ್ಮಿಕ ಸಂಘ, ಬೇರೆ. ಆಗ್ನೆಸ್ ಅಪೋಸ್ತಲಿಕ್ ಕಾರ್ಮೆಲ್ ಸಭೆಯದ್ದು, 1921ರಷ್ಟು ಹಳೆಯದು. ಆಗ್ನೆಸ್‌ನ ನಿಜವಾದ ಅಕ್ಕತಂಗಿಯರು ಬೇಕಾದರೆ ಪಾಟ್ನಾ ವುಮೆನ್ಸ್ ಕಾಲೇಜು, ಕಲ್ಲಿಕೋಟೆಯ ಪ್ರಾವಿಡೆನ್ಸ್ ಕಾಲೇಜು. ಅವು 1940 ಮತ್ತು 1952ರಲ್ಲಿ ಹುಟ್ಟಿದವು. ಅಂದರೆ ಮಂಗಳೂರಿನದ್ದೇ ಹಿರಿಯಕ್ಕ.

ಈಗ ಕಥೆಗೆ ಬರೋಣ. ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾಲೇಜು ಹುಟ್ಟುವುದಕ್ಕಿಂತ ಅರ್ಧ ಶತಮಾನ ಹಿಂದಿನ ಭಾಗ.

ಕಾರ್ಮೆಲ್ ಅಂದರೆ ಮೂಲದಲ್ಲಿ ಗೋಡೆಯ ಒಳಗಿನ ಬದುಕು. ಒಮ್ಮೆ ಮಠದ ಒಳಗೆ ಹೋದರೆ ಪ್ರಾರ್ಥನೆ, ಮೌನ, ಮುಗಿಯಿತು. ಹೊರಗೆ ಬಂದು ಶಾಲೆ ನಡೆಸುವ ಮಾತೇ ಇಲ್ಲ. ಸೋಫಿ ಲೀವ್ಸ್ ಅಂತ ಒಬ್ಬ ಹೆಣ್ಣುಮಗಳು. ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಅಪ್ಪ ಆಂಗ್ಲಿಕನ್ ಪಾದ್ರಿ. ಇವರು ಕ್ಯಾಥೊಲಿಕ್ ಆದರು, ಸಿಸ್ಟರ್ ಆದರು, ಕಲ್ಲಿಕೋಟೆಗೆ ಬಂದು ಶಾಲೆಯಲ್ಲಿ ಕೆಲಸ ಮಾಡಿದರು. ಪಶ್ಚಿಮ ಕರಾವಳಿಯ ಹುಡುಗಿಯರಿಗೆ ಕಲಿಸುವವರೇ ಇಲ್ಲ ಅನ್ನುವುದನ್ನು ಕಣ್ಣಾರೆ ಕಂಡವರು. ಆಮೇಲೆ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಒಂದು ಹೊಸ ಬಗೆಯ ಕಾರ್ಮೆಲ್ ಶುರು ಮಾಡಿದರು. ಪ್ರಾರ್ಥನೆ ಕಾರ್ಮೆಲ್‌ನದ್ದೇ, ಆದರೆ ಗೋಡೆ ದಾಟಿ ಹೋಗಿ ಪಾಠ ಮಾಡುವ ಸಿಸ್ಟರ್‌ಗಳು. ಅಪೋಸ್ತಲಿಕ್ ಅಂದರೆ ಕಳಿಸಲ್ಪಟ್ಟವರು ಅಂತಲೇ ಅರ್ಥ. ಮದರ್ ವೆರೊನಿಕಾ ಅಂತ ಹೆಸರಾದವರು ಈ ಸೋಫಿಯೇ.

ಮಂಗಳೂರಿನ ಬಿಷಪ್ ಮರೀ ಎಫ್ರೆಮ್ ಈ ಯೋಜನೆಯ ಬೆನ್ನಿಗೆ ನಿಂತವರು. 1870ರ ನವೆಂಬರಿನಲ್ಲಿ ಮೂವರು ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದರು. ಮೂವರೇ. ತಮಾಷೆ ಏನೆಂದರೆ ಅದೇ ವರ್ಷ ಗೋಡೆಯ ಒಳಗಿನ ಕಾರ್ಮೆಲ್ ಕೂಡ ಮಂಗಳೂರಿಗೆ ಬಂತು. 2015ರಲ್ಲಿ ಸಂತ ಪದವಿ ಪಡೆದ ಮರಿಯಮ್ ಬವಾರ್ದಿ ಆ ತಂಡದಲ್ಲಿದ್ದವರು. ಹೊರಗೆ ಬಾರದ ಕಾರ್ಮೆಲ್, ಹೊರಗೆ ಬರುವ ಕಾರ್ಮೆಲ್, ಎರಡೂ ಒಂದೇ ಊರಿಗೆ, ಒಂದೇ ವರ್ಷ. ಸ್ಥಾಪಕಿ ಮದರ್ ವೆರೊನಿಕಾ ಮಾತ್ರ ಆ ಮೂವರ ಜೊತೆ ಬರಲಿಲ್ಲ. 1906ರಲ್ಲಿ ಫ್ರಾನ್ಸಿನ ಪೋ ಅನ್ನುವ ಊರಿನಲ್ಲಿ, ಗೋಡೆಯ ಒಳಗಿನ ಕಾರ್ಮೆಲ್‌ನಲ್ಲೇ ತೀರಿಕೊಂಡರು. ತಾನು ಹಾಕಿದ ಬೀಜ ಕಾಲೇಜಾಗಿ ಬೆಳೆದದ್ದನ್ನು ಅವರು ನೋಡಲಿಲ್ಲ.

ಸಿಸ್ಟರ್‌ಗಳು ಮಂಗಳೂರಿನ ಸಂತ ಆನ್ಸ್ ಕಾನ್ವೆಂಟಿನಲ್ಲಿ ಶಾಲೆ ನಡೆಸಿದರು. ಅಲ್ಲಿಂದ ಕಾಲೇಜಿಗೆ ಬರಲು 51 ವರ್ಷ ಬೇಕಾಯಿತು. "ಅಷ್ಟು ನಿಧಾನ ಯಾಕೆ?" ಅಂತ ಮಗಳು ಕೇಳಿದಳು. ಲೆಕ್ಕ ಹಾಕಿ ನೋಡಿ. ಕಾಲೇಜಿಗೆ ಹೈಸ್ಕೂಲು ಮುಗಿಸಿದ ಹುಡುಗಿಯರು ಬೇಕು. ಹೈಸ್ಕೂಲಿಗೆ ಪ್ರೈಮರಿ ಮುಗಿಸಿದವರು ಬೇಕು. ಅವರಿಗೆ ಕಲಿಸಲು ಟೀಚರ್ ಬೇಕು, ಟೀಚರ್ ಹೆಂಗಸಾಗಿರಬೇಕು, ಇಲ್ಲದಿದ್ದರೆ ಅಪ್ಪಂದಿರು ಕಳಿಸುವುದಿಲ್ಲ. ಆ ಹೆಂಗಸು ಎಲ್ಲಿಂದ ಬರಬೇಕು? ಅವಳೂ ಎಲ್ಲೋ ಓದಿರಬೇಕಲ್ವಾ? ಕೋಳಿ ಮೊದಲಾ ಮೊಟ್ಟೆ ಮೊದಲಾ ಅನ್ನುವ ಹಾಗೆ. ಇದು ದುಡ್ಡು ಸುರಿದರೆ ಒಂದು ವರ್ಷದಲ್ಲಿ ಆಗುವ ಕೆಲಸವೇ ಅಲ್ಲ.

ಹುಡುಗರಿಗೆ ಈ ತಲೆನೋವು ಇರಲಿಲ್ಲ. ಜೆಸ್ವಿಟರು 1880ರಲ್ಲೇ ಸಂತ ಅಲೋಶಿಯಸ್ ಕಾಲೇಜು ತೆರೆದರು. ಅಲ್ಲಿಂದ ಬೆಂದೂರಿಗೆ ಹೆಚ್ಚೆಂದರೆ ಒಂದೆರಡು ಕಿಲೋಮೀಟರ್. ಅಣ್ಣನ ಕಾಲೇಜಿಂದ ತಂಗಿಯ ಕಾಲೇಜಿಗೆ ಬರಲು 41 ವರ್ಷ ಹಿಡಿಯಿತು. ಗೂಗಲ್ ಮ್ಯಾಪ್ ಐದಾರು ನಿಮಿಷ ತೋರಿಸುತ್ತದೆ, ಸಂಜೆ ಟ್ರಾಫಿಕ್ ಇದ್ದರೆ ಜಾಸ್ತಿ.

ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೆಟ್ರಿಕ್ ಮುಗಿಸಿದ ಹುಡುಗಿ ಮುಂದೆ ಓದಬೇಕೆಂದರೆ ಮದ್ರಾಸಿನ ಕಡೆ ಮುಖ ಮಾಡಬೇಕಿತ್ತು. ಅಲ್ಲಿ ಕ್ವೀನ್ ಮೇರೀಸ್ 1914ರಲ್ಲಿ, ವುಮೆನ್ಸ್ ಕ್ರಿಶ್ಚಿಯನ್ ಕಾಲೇಜು 1915ರಲ್ಲಿ ತೆರೆದಿದ್ದವು. ಮಂಗಳೂರಿಗೆ ರೈಲು ಬಂದಿದ್ದೇ 1907ರಲ್ಲಿ. ಆ ರೈಲಿನಲ್ಲಿ ಕೇರಳದ ಮೂಲಕ ಇಡೀ ದಕ್ಷಿಣವನ್ನು ಅಡ್ಡ ದಾಟಿ ಹದಿನೇಳರ ಮಗಳನ್ನು ಕಳಿಸುವ ಅಪ್ಪ ಎಷ್ಟು ಜನ ಇದ್ದಾರು? ನಮ್ಮ ಕಡೆ ಅಳಿಯಕಟ್ಟು ಇತ್ತು, ಹೆಣ್ಣಿನ ಕಡೆಯಿಂದ ಆಸ್ತಿ ಬರುತ್ತಿತ್ತು, ನಾವು ಮೊದಲಿಂದಲೂ ಮುಂದುವರಿದವರು ಅಂತ ಜಂಬ ಕೊಚ್ಚುವವರು ಇದ್ದಾರೆ. ಆಸ್ತಿ ಹೆಣ್ಣಿನ ಕಡೆಯಿಂದ ಬಂದರೂ ಪುಸ್ತಕ ಬರಲಿಲ್ಲ ಸ್ವಾಮಿ.

1921ರಲ್ಲಿ ಅದೇ ಸಭೆಯ ಮದರ್ ಅಲೋಶಿಯಾ ಕಾಲೇಜು ತೆರೆದರು. ಹೆಸರು ಇಟ್ಟದ್ದು ಆಗ್ನೆಸ್ ಅಂತ, ಹದಿಹರೆಯದಲ್ಲೇ ಪ್ರಾಣ ಕೊಟ್ಟ ರೋಮಿನ ಹುಡುಗಿ, ಚಿತ್ರಗಳಲ್ಲಿ ಜೊತೆಗೊಂದು ಕುರಿಮರಿ ಇರುತ್ತದಲ್ಲ, ಅವಳೇ. ಹುಡುಗಿಯರ ಪಾಲಕ ಸಂತ. ಜನವರಿ 21 ಅವಳ ಹಬ್ಬ.

ನನ್ನ ಪ್ರಕಾರ ಆವತ್ತು ಅಪ್ಪಂದಿರಿಗೆ ಮಾರಾಟವಾದದ್ದು ಬಿಎ ಪದವಿ ಅಲ್ಲ, ಕಂಪೌಂಡ್ ಗೋಡೆ. ಸಿಸ್ಟರ್‌ಗಳು ಇದ್ದಾರೆ, ಗೇಟ್ ಇದೆ, ಗಂಟೆ ಹೊಡೆದರೆ ಮನೆಗೆ ಬರುತ್ತಾಳೆ. ಇಷ್ಟು ಖಾತ್ರಿ ಸಿಕ್ಕಿದ ಮೇಲೆ, ಒಳಗೆ ಏನು ಕಲಿಸುತ್ತಾರೆ ಅನ್ನುವುದನ್ನು ಯಾರೂ ಜಾಸ್ತಿ ಕೇಳಿರಲಿಕ್ಕಿಲ್ಲ. ಗೋಡೆ ನೋಡಿ ಅಪ್ಪಂದಿರು ಕಳಿಸಿದರು, ಹುಡುಗಿಯರು ಒಳಗೆ ಹೋಗಿ ಇತಿಹಾಸ, ಇಂಗ್ಲಿಷು, ಲೆಕ್ಕ ಓದಿಕೊಂಡು ಬಂದರು. ಗೋಡೆ ಒಳಗೇ ಇರಬೇಕು ಅನ್ನುವ ನಿಯಮವನ್ನು ದಾಟಿ ಬಂದ ಸಿಸ್ಟರ್‌ಗಳೇ ಇಲ್ಲಿ ಗೋಡೆ ಕಟ್ಟಿ ಹುಡುಗಿಯರನ್ನು ಮನೆಯಿಂದ ಹೊರಗೆ ತಂದದ್ದು ನೋಡಿ.

ಹಾಗಂತ ನಾನು ಸ್ಟ್ರಿಕ್ಟ್‌ನೆಸ್ ಭಕ್ತೆ ಅಲ್ಲ. ನಾನು ಓದಿದ್ದು ಬೇರೆ ಊರಿನಲ್ಲಿ, ಅದೂ ಸಿಸ್ಟರ್‌ಗಳ ಕಾಲೇಜೇ, ಹೆಸರು ಬೇಡ. ಅಲ್ಲಿ ಹಾಸ್ಟೆಲಿಗೆ ಬಂದ ನಮ್ಮ ಕಾಗದಗಳನ್ನು ಒಡೆದು ಓದಿಯೇ ಕೊಡುತ್ತಿದ್ದರು. ಅಮ್ಮ ಬರೆದ ಹಲಸಿನ ಹಪ್ಪಳದ ಸುದ್ದಿಯನ್ನೂ ವಾರ್ಡನ್ ಮೊದಲು ಓದಿದ್ದಾರೆ ಅಂತ ಗೊತ್ತಾದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. 1921ರಲ್ಲಿ ಬಾಗಿಲು ತೆರೆಯಲು ಬೇಕಾಗಿದ್ದ ಗೋಡೆ ನನ್ನ ಕಾಲಕ್ಕೂ ಅಷ್ಟೇ ಎತ್ತರ ಬೇಕಿತ್ತಾ? ಖಂಡಿತ ಇಲ್ಲ. ಮಗಳ ಕಾಲಕ್ಕಂತೂ ಕೇಳಲೇಬೇಡಿ.

ಆಡಳಿತದ ಚರಿತ್ರೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಮದ್ರಾಸ್ ವಿಶ್ವವಿದ್ಯಾಲಯ, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೈಸೂರು, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆದ ಮೇಲೆ ಮಂಗಳೂರು. ಈಗ ಸ್ವಾಯತ್ತ. ಇಂಟರ್‌ಮೀಡಿಯೆಟ್ ಹೋಗಿ ಪಿಯುಸಿ ಬಂತು, ಸೆಮಿಸ್ಟರ್ ಬಂತು, 2021ರಲ್ಲಿ ರಾಜ್ಯಕ್ಕೆ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಕಾಲೇಜು ಇದ್ದಲ್ಲೇ ಇದೆ, ಬೋರ್ಡು ಬದಲಾಗುತ್ತಾ ಬಂದಿದೆ. ಅಂದ ಹಾಗೆ ಸರಕಾರಿ ಕಾಲೇಜುಗಳ ಬೋರ್ಡಿನಲ್ಲಿ ಈಗಲೂ "ಪ್ರಥಮ ದರ್ಜೆ ಕಾಲೇಜು" ಅಂತ ಇರುತ್ತಲ್ಲ, ಅದೂ ಆ ಹಳೇ ಕಾಲದ್ದೇ. ಇಂಟರ್‌ಮೀಡಿಯೆಟ್‌ವರೆಗೆ ಇದ್ದರೆ ಎರಡನೇ ದರ್ಜೆ, ಡಿಗ್ರಿ ಇದ್ದರೆ ಮೊದಲನೇ ದರ್ಜೆ. ಕ್ವಾಲಿಟಿ ಸರ್ಟಿಫಿಕೇಟ್ ಅಂತ ತಿಳಿದು ಹೆಮ್ಮೆ ಪಡಬೇಡಿ.

ಇನ್ನು ನನ್ನ ಒಂದು ತಕರಾರು. ಇದು ಈ ಕಾಲೇಜಿನ ಬಗ್ಗೆ ಅಲ್ಲ, ನಾವು ಸಂಸ್ಥೆಗಳ ಚರಿತ್ರೆ ಹೇಳುವ ರೀತಿಯ ಬಗ್ಗೆ. ಸ್ಥಾಪಕರು, ಪ್ರಿನ್ಸಿಪಾಲರು, ಹೊಸ ಬ್ಲಾಕು, ನೂರನೇ ವರ್ಷದ ಸಂಭ್ರಮ. ಕಾಲೇಜಿಗೆ ಬಾರದೇ ಹೋದವರ ಚರಿತ್ರೆ ಯಾರು ಬರೆಯುತ್ತಾರೆ? ನನ್ನ ಅಜ್ಜಿ ಹುಟ್ಟುವ ಮೊದಲೇ ಬೆಂದೂರಿನಲ್ಲಿ ಕಾಲೇಜಿತ್ತು. ಅಜ್ಜಿಯ ಮನೆಯಿಂದ ಅಲ್ಲಿಗೆ ಅರ್ಧ ದಿನದ ನಡಿಗೆ. ಅವಳು ಐದನೇ ಕ್ಲಾಸಿಗೆ ಶಾಲೆ ಬಿಟ್ಟಳು. ಗೇಟು ತೆರೆದಿತ್ತು, ಕಳಿಸುವವರು ಇರಲಿಲ್ಲ. ಫೀಸು, ಜಾತಿ, ಇಂಗ್ಲಿಷು, ಮನೆಯ ಹಟ್ಟಿಯಲ್ಲಿದ್ದ ಎರಡು ಎಮ್ಮೆ, ಎಲ್ಲವೂ ಮಧ್ಯೆ ಇದ್ದವು. ಅಮ್ಮ ಮಾತ್ರ ಎಪ್ಪತ್ತರ ದಶಕದಲ್ಲಿ ಆ ಗೇಟು ದಾಟಿದಳು, ಡಿಗ್ರಿ ಮುಗಿಸಿ ಟೀಚರ್ ಆದಳು. ಅವಳ ಕ್ಲಾಸಿನಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲಾ ಮಾತಾಡುವವರು ಇದ್ದರಂತೆ, ಕೊಂಕಣಿ ಬಯ್ಗುಳ ಕಲಿತದ್ದು ಅಲ್ಲೇ ಅಂತ ಈಗಲೂ ಹೇಳುತ್ತಾಳೆ.

ರೇಟಿಂಗ್: ತಾಳ್ಮೆಗೆ 5ಕ್ಕೆ 5. ಮೂವರಿಂದ ಶುರುವಾದದ್ದನ್ನು 51 ವರ್ಷ ಎಳೆದು ಕಾಲೇಜು ಮಾಡುವುದೆಂದರೆ ಸುಮ್ನೆ ಮಾತಲ್ಲ. ಗೋಡೆಗೆ 1921ರ ಲೆಕ್ಕದಲ್ಲಿ 5, ಇವತ್ತಿನ ಲೆಕ್ಕದಲ್ಲಿ ಎಲ್ಲಾ ಕಡೆಯ ಗೋಡೆಗಳಿಗೂ ಸೇರಿಸಿ 3. ಕ್ಯಾಂಟೀನಿಗೆ ಸ್ಟಾರ್ ಇಲ್ಲ, ನಾವು ಏನೂ ತಿನ್ನಲಿಲ್ಲ.

ಮಗಳ ಜೊತೆ ಹೋದಾಗ ಅಮ್ಮನೂ ಹಠ ಹಿಡಿದು ಬಂದಿದ್ದಳು. ಕಾರಿನಿಂದ ಇಳಿದವಳೇ ಗೇಟಿನ ಹತ್ತಿರ ನಿಂತು, ಸೆರಗು ಸರಿ ಮಾಡಿಕೊಂಡು, ವಾಚು ನೋಡಿಕೊಂಡಳು. "ಲೇಟ್ ಆಯ್ತಾ?" ಅಂತ ನನ್ನನ್ನೇ ಕೇಳಿದಳು.