ಎಸಿ ನೀರಿಗೆ ಸುರುಳಿ ಪೈಪಾ, ಪಿವಿಸಿನಾ, ಪಂಪಾ?

ಮಂಗಳೂರಿನ ಸೆಕೆಯಲ್ಲಿ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಗಂಟೆಗೆ ಒಂದು ಲೀಟರಿಗಿಂತ ಜಾಸ್ತಿ ನೀರು ಬಿಡುವುದೂ ಉಂಟು. ನಮ್ಮ ಮನೆಯ ಮೂರು ಕೋಣೆಗಳಲ್ಲಿ ಆ ನೀರು ಮೂರು ಬೇರೆ ದಾರಿಯಲ್ಲಿ ಹೋಗುತ್ತದೆ.

ಮೊದಲನೆಯದು ಎಸಿ ಕೂರಿಸುವವರು ತಂದು ಹಾಕುವ ಬಿಳಿ ಸುರುಳಿ ಪೈಪ್. ಅಗ್ಗ, ಬೇಕಾದ ಕಡೆ ಬಗ್ಗುತ್ತದೆ. ಆದರೆ ಅದರ ತೊಂದರೆಯೂ ಅದೇ. ಕ್ಲಾಂಪ್ ಇಲ್ಲದ ಕಡೆ ಜೋತು ಬೀಳುತ್ತದೆ, ಅಲ್ಲಿ ನೀರು ನಿಲ್ಲುತ್ತದೆ, ಒಳಗಿನ ಮಡಿಕೆಗಳಲ್ಲಿ ಧೂಳು ಸೇರಿ ಕಂದು ಲೋಳೆ ಕಟ್ಟುತ್ತದೆ, ಆಮೇಲೆ ಎಸಿಯೊಳಗೆ ನೀರು ಸೇರುವ ಟ್ರೇ ತುಂಬಿ ನೀರು ಗೋಡೆಯ ಮೇಲೆ ಇಳಿಯುತ್ತದೆ. ಬಿಸಿಲಿಗೆ ಬಿದ್ದ ಭಾಗವಂತೂ ಒಣಗಿ ಮುಟ್ಟಿದರೆ ಮುರಿಯುತ್ತದೆ. ಗೋಡೆಯಾಚೆ ನೇರ ಕೆಳಗಿಳಿಯುವ ಒಂದೆರಡು ಅಡಿಗೆ ಸಾಕು, ಅದಕ್ಕಿಂತ ಉದ್ದಕ್ಕೆ ನಾನು ಒಪ್ಪುವುದಿಲ್ಲ.

ಮಲಗುವ ಕೋಣೆಯಲ್ಲಿ ಗಟ್ಟಿ ಪಿವಿಸಿ ಪೈಪ್ ಇದೆ. ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಇರಲೇಬೇಕು, ಇದ್ದರೆ ನೀರು ತಾನಾಗಿ ಹರಿಯುತ್ತದೆ. ಒಳಗೆ ನುಣುಪು, ಹಾಗಾಗಿ ಲೋಳೆ ಕಟ್ಟುವುದು ಕಡಿಮೆ. ಬೇಸಿಗೆಗೆ ಮೊದಲು ಒಂದು ಮಗ್ ನೀರು ಬಿಟ್ಟು ತೊಳೆದರೆ ಆಯಿತು. ನನ್ನ ಓಟು ಇದಕ್ಕೇ.

ನಡುಕೋಣೆಗೆ ಹೊರಗೋಡೆಯೇ ಇಲ್ಲ, ಅಲ್ಲಿ ಪಂಪ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಪಂಪಿನ ಪುಟ್ಟ ಟ್ಯಾಂಕಿನಲ್ಲಿ ನೀರು ತುಂಬಿ ಫ್ಲೋಟ್, ಅಂದರೆ ತೇಲುವ ತುಂಡು, ಮೇಲೇಳುತ್ತಿದ್ದಂತೆ ಪಂಪ್ ಚಾಲೂ ಆಗಿ ಫಾಲ್ಸ್ ಸೀಲಿಂಗ್ ಮೇಲಿನಿಂದ ಬಚ್ಚಲಿಗೆ ನೀರು ತಳ್ಳುತ್ತದೆ. ಕೆಲಸ ಚೆನ್ನಾಗಿದೆ, ಆದರೆ ರಾತ್ರಿ ಎಲ್ಲ ಸದ್ದಡಗಿದಾಗ ಅದರ ಗುಂಯ್ ಕೇಳುತ್ತದೆ, ಎಚ್ಚರವಾದರೆ ಮತ್ತೆ ನಿದ್ದೆ ಬರುವುದು ಕಷ್ಟ. ಕರೆಂಟ್ ಹೋದರೆ ಏನು ಗತಿ ಅಂತ ಕೇಳುತ್ತಾರೆ. ಆಗ ಎಸಿಯೂ ನಿಲ್ಲುತ್ತದೆ ಅಲ್ವಾ, ಅದು ಚಿಂತೆಯಲ್ಲ. ಪಂಪ್ ಕೆಟ್ಟಾಗಲೇ ಅಪಾಯ. ನೀರು ಮೇಲೇರಿದರೆ ಎಸಿಯನ್ನೇ ನಿಲ್ಲಿಸುವ ವೈರ್ ಪಂಪಿನಲ್ಲಿ ಇದ್ದರೆ ಮೆಕ್ಯಾನಿಕ್‌ಗೆ ಅದನ್ನು ಸುಮ್ನೆ ಮಡಚಿಟ್ಟು ಹೋಗಲು ಬಿಡಬೇಡಿ, ಜೋಡಿಸಿ ತೋರಿಸಿ ಅನ್ನಿ.

ಯಾವುದನ್ನೇ ಹಾಕಿ, ಪೈಪಿನ ತುದಿಯನ್ನು ಚರಂಡಿ ಪೈಪಿಗೆ ನೇರ ಅಂಟಿಸಬೇಡಿ, ನಾತವೂ ಜಿರಳೆಯೂ ಒಳಗೆ ಬರುತ್ತವೆ. ಬಕೆಟ್ ಇಟ್ಟರೆ ತುದಿ ನೀರಲ್ಲಿ ಮುಳುಗದಿರಲಿ. ಆ ನೀರು ನೆಲ ಒರೆಸಲು, ಗಿಡಕ್ಕೆ ಸರಿ, ಕುಡಿಯಲು ಬೇಡ. ಕೂರಿಸಿದ ದಿನವೇ, ಮೆಕ್ಯಾನಿಕ್ ಹೊರಡುವ ಮೊದಲು, ಟ್ರೇಗೆ ಒಂದು ಬಾಟಲಿ ನೀರು ಹೊಯ್ಯಿಸಿ ಆಚೆ ತುದಿಯಲ್ಲಿ ಬರುತ್ತದಾ ನೋಡಿ.